ಹಳೆಯ ಸ್ನೋ ಬ್ಲೋವರ್‌ನ ಆರೈಕೆ: ಕಲಬುರಗಿ ಕಡೆಯಿಂದ ಹಿಮದ ನಾಡಿಗೆ ಹೊರಟವರಿಗೆ

ರಜೆಗೆಂದು ಕಲಬುರಗಿಗೆ ಬಂದಾಗಲೆಲ್ಲ, ಕೆನಡಾಕ್ಕೋ ಅಮೆರಿಕದ ಮಿನ್ನೆಸೋಟ, ಮಿಶಿಗನ್‌ನಂಥ ಉತ್ತರದ ರಾಜ್ಯಗಳಿಗೋ ಹೊರಟವರು ಉಣ್ಣೆಯ ಬಟ್ಟೆ, ಜೋಳದ ಹಿಟ್ಟು, ಶೇಂಗಾ ಹಿಂಡಿಗಳ ಬಗ್ಗೆ ವಿಚಾರಿಸುತ್ತಾರೆ. ಮನೆಯ ಮುಂದೆ ಬೀಳುವ ಹಿಮವನ್ನು ಯಾರು ತೆಗೆಯುತ್ತಾರೆಂದು ಕೇಳುವುದು ಅಪರೂಪ. ಅಪಾರ್ಟ್‌ಮೆಂಟಿನಲ್ಲಿ ಇರುವವರೆಗೆ ಆ ಪ್ರಶ್ನೆ ಏಳುವುದಿಲ್ಲ. ಸ್ವಂತ ಮನೆ ಕೊಂಡ ಮೊದಲ ಚಳಿಗಾಲದಲ್ಲಿ ಅದು ನಿಮ್ಮದೇ ಹೊಣೆಯಾಗುತ್ತದೆ, ಮತ್ತು ಬಹಳಷ್ಟು ಸಲ ಹಿಂದಿನ ಮಾಲೀಕರು ಗ್ಯಾರೇಜಿನಲ್ಲಿ ಬಿಟ್ಟುಹೋದ ಹಳೆಯ ಸ್ನೋ ಬ್ಲೋವರ್, ಅಂದರೆ ಹಿಮವನ್ನು ಎತ್ತಿ ದೂರ ಎಸೆಯುವ ಯಂತ್ರ, ಒಂದು ನಿಮ್ಮ ಪಾಲಿಗೆ ಬರುತ್ತದೆ. ಅದನ್ನು ಅವಸರದಲ್ಲಿ ಗುಜರಿಗೆ ಹಾಕಬೇಡಿ. ಜೇವರ್ಗಿ, ಆಳಂದ, ಚಿತ್ತಾಪುರದ ತೊಗರಿ ಹೊಲಗಳಲ್ಲಿ ಔಷಧಿ ಹೊಡೆಯುವ ಪೆಟ್ರೋಲ್ ಪಂಪನ್ನು ಬಿಚ್ಚಿ ಜೋಡಿಸಿದವರಿಗೆ ಈ ಯಂತ್ರದ ಅರ್ಧ ಕೆಲಸ ಈಗಾಗಲೇ ತಿಳಿದಿದೆ. ಹೊರಡಲು ಇನ್ನೂ ಸಮಯವಿದ್ದರೆ, ಊರಿನ ಪಂಪ್ ರಿಪೇರಿಯ ಮಿಸ್ತ್ರಿಯ ಬಳಿ ಕುಳಿತು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ತೊಳೆಯುವುದನ್ನು ಕಲಿತು ಹೋಗಬೇಕೆಂಬುದು ನನ್ನ ಮನಃಪೂರ್ವಕ ಸಲಹೆ, ಏಕೆಂದರೆ ಅಲ್ಲಿ ಅದೇ ಕೆಲಸಕ್ಕೆ ಕೊಡುವ ಕೂಲಿ ಹಳೆಯ ಯಂತ್ರದ ಬೆಲೆಗೇ ಸಮೀಪಿಸಬಹುದು.

ರಿಪೇರಿಗಿಂತ ಮೊದಲು ಕೈಗಳ ಮಾತು. ದೊಡ್ಡ ಯಂತ್ರಗಳಲ್ಲಿ ಮುಂದಿನ ಸುರುಳಿ, ಅಂದರೆ ಆಗರ್, ಹಿಮವನ್ನು ನಡುವಿಗೆ ಎಳೆದು ತರುತ್ತದೆ. ಅದರ ಹಿಂದೆ ವೇಗವಾಗಿ ತಿರುಗುವ ಇಂಪೆಲರ್ ಅದನ್ನು ಚ್ಯೂಟ್ ಎಂಬ ಕೊಳವೆಯ ಮೂಲಕ ದೂರ ಎಸೆಯುತ್ತದೆ. ಒದ್ದೆ ಹಿಮ ಬಿದ್ದ ದಿನ ಈ ಚ್ಯೂಟ್ ಕಟ್ಟಿಕೊಳ್ಳುತ್ತದೆ, ಮತ್ತು ಆಗ ಅದರೊಳಗೆ ಕೈ ಹಾಕುವುದೇ ಈ ಯಂತ್ರದಿಂದಾಗುವ ಕೈಗಾಯಗಳ ಮುಖ್ಯ ಕಾರಣ. ಎಂಜಿನ್ ಆರಿಸಿದ ಮೇಲೂ ಬೆಲ್ಟಿನಲ್ಲಿ ಉಳಿದ ಬಿಗಿತದಿಂದಾಗಿ, ಸಿಕ್ಕಿಕೊಂಡ ಹಿಮ ಸಡಿಲವಾದ ಕ್ಷಣದಲ್ಲಿ ಇಂಪೆಲರ್ ಒಮ್ಮೆ ಜೋರಾಗಿ ತಿರುಗಬಹುದು. ಆದ್ದರಿಂದ ಎಂಜಿನ್ ಆರಿಸಿ, ಎಲ್ಲವೂ ನಿಂತದ್ದನ್ನು ಕಣ್ಣಿನಿಂದ ನೋಡಿ, ಗಟ್ಟಿಯಾದ ಕೋಲಿನಿಂದಲೇ ಹಿಮವನ್ನು ತೆಗೆಯಿರಿ. ಕೈಗವಸು ಹಾಕಿದ ಕೈಯೂ ಬೇಡ. ತೀರ ಹಳೆಯ ಯಂತ್ರಗಳಲ್ಲಿ ಹಿಡಿಕೆ ಬಿಟ್ಟೊಡನೆ ಆಗರ್ ನಿಲ್ಲುವ ವ್ಯವಸ್ಥೆಯೇ ಇರುವುದಿಲ್ಲ, ಅಂಥವನ್ನು ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ರಿಪೇರಿಗೆ ಕೂರುವಾಗ ಸ್ಪಾರ್ಕ್ ಪ್ಲಗ್‌ನ ವೈರನ್ನು ಕಳಚಿ ಬದಿಗಿಡಿ. ಹೊರಗೆ ಎಷ್ಟೇ ಚಳಿಯಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಮಾಡಬೇಡಿ. ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ.

ಹಳೆಯ ಯಂತ್ರ ಚಾಲೂ ಆಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪೆಟ್ರೋಲನ್ನು. ಅಲ್ಲಿಯ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಅದು ತೇವವನ್ನು ಹೀರುತ್ತದೆ, ಮತ್ತು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಟ್ಯಾಂಕಿನಲ್ಲಿ ಉಳಿದ ಇಂಧನ ಅಂಟಾಗಿ ಕಾರ್ಬ್ಯುರೇಟರ್‌ನ ಕೂದಲೆಳೆಯಂಥ ರಂಧ್ರಗಳನ್ನು ಮುಚ್ಚುತ್ತದೆ. ಚೋಕ್ ಅರ್ಧ ಎಳೆದಾಗ ಮಾತ್ರ ಎಂಜಿನ್ ನಿಲ್ಲದೆ ಓಡುತ್ತಿದ್ದರೆ, ಅಥವಾ ವೇಗ ಏರುತ್ತ ಇಳಿಯುತ್ತ ಇದ್ದರೆ, ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಮುಖ್ಯ ಜೆಟ್ ಭಾಗಶಃ ಕಟ್ಟಿಕೊಂಡಿದೆ ಎಂದು ತಿಳಿಯಬಹುದು. ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಜೆಟ್ಟಿನಲ್ಲಿ ಒಂದು ಎಳೆ ತಾಮ್ರದ ತಂತಿಯನ್ನು ಮೆಲ್ಲನೆ ಹಾಯಿಸಿ. ಉಕ್ಕಿನ ಸೂಜಿ ಬಳಸಿದರೆ ರಂಧ್ರ ಅಗಲವಾಗಿ ಎಂಜಿನ್ ಮತ್ತೆಂದೂ ಸರಿಯಾದ ಪ್ರಮಾಣದಲ್ಲಿ ಇಂಧನ ಎಳೆಯುವುದಿಲ್ಲ. ಪ್ಲಗ್ ಹೊಸದನ್ನೇ ಹಾಕಿ. ಅದರ ಬೆಲೆ ಅತ್ಯಲ್ಪ, ಕಿಡಿ ಹಾರುವ ತುದಿಯ ಸಂದಿ ಬಹುತೇಕ ಎಂಜಿನ್‌ಗಳಲ್ಲಿ ಸುಮಾರು 0.76 ಮಿ.ಮೀ.

ಇಲ್ಲಿಯ ಎರಡು ರೂಢಿಗಳನ್ನು ಅಲ್ಲಿ ಬಿಡಬೇಕಾಗುತ್ತದೆ. ನಮ್ಮ ಧೂಳಿನಲ್ಲಿ ಎಂಜಿನ್ ಕೆಟ್ಟರೆ ಕೈ ಮೊದಲು ಏರ್ ಫಿಲ್ಟರಿಗೆ ಹೋಗುತ್ತದೆ, ಆದರೆ ಸ್ನೋ ಬ್ಲೋವರ್‌ಗಳಲ್ಲಿ ಸಾಮಾನ್ಯವಾಗಿ ಫಿಲ್ಟರೇ ಇರುವುದಿಲ್ಲ, ಏಕೆಂದರೆ ಹಿಮದ ಪುಡಿ ಅದರಲ್ಲಿ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಅದು ಕಳೆದುಹೋಗಿದೆಯೆಂದು ಹುಡುಕಬೇಡಿ. ಎರಡನೆಯದು ಆಯಿಲ್. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ 20ಡಬ್ಲ್ಯು-40 ಸರಿ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಅದು ಎಷ್ಟು ಗಟ್ಟಿಯಾಗುತ್ತದೆಂದರೆ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯಲು ಬರುವುದಿಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ 5ಡಬ್ಲ್ಯು-30 ಹಾಕಿ, ಪ್ರತಿ ಚಳಿಗಾಲಕ್ಕೊಮ್ಮೆ ಬದಲಿಸಿ. ತೆಗೆದ ಆಯಿಲನ್ನು ಚರಂಡಿಗೆ ಸುರಿಯುವುದು ಅಲ್ಲಿ ಅಪರಾಧ. ಅದನ್ನು ಸಂಗ್ರಹಿಸುವ ಕೇಂದ್ರಗಳಿಗೆ ಡಬ್ಬಿಯಲ್ಲಿ ಒಯ್ದು ಕೊಡಬೇಕು.

ಶಿಯರ್ ಪಿನ್‌ಗಳ ವಿಷಯವನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಆಗರ್‌ನ ಸುರುಳಿಗಳನ್ನು ಶಾಫ್ಟಿಗೆ ಹಿಡಿದಿಡುವ ಈ ಬೋಲ್ಟುಗಳು ಬೇಕೆಂದೇ ಮೆದುವಾಗಿರುತ್ತವೆ. ಹಿಮದಡಿಯ ಕಲ್ಲೋ ಮಂಜುಗಡ್ಡೆಯೋ ಸಿಕ್ಕಾಗ, ಮನೆಯ ಫ್ಯೂಸಿನಂತೆ ತಾವು ತುಂಡಾಗಿ ಗೇರ್‌ಬಾಕ್ಸನ್ನು ಉಳಿಸುತ್ತವೆ. ಪದೇ ಪದೇ ತುಂಡಾಗುತ್ತವೆ ಎಂದು ಬೇಸತ್ತು ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸ್, ಮತ್ತು ಹಳೆಯ ಯಂತ್ರದ ಬದುಕು ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಕಂಪನಿ ಹೇಳಿದ ಪಿನ್‌ಗಳನ್ನೇ ಕೆಲವು ಹೆಚ್ಚಾಗಿ ತಂದಿಟ್ಟುಕೊಳ್ಳಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು: ವರ್ಷಗಟ್ಟಲೆ ಗ್ರೀಸ್ ಕಾಣದ ಸುರುಳಿ ತುಕ್ಕಿನಿಂದ ಶಾಫ್ಟಿಗೇ ಅಂಟಿಕೊಂಡಿದ್ದರೆ, ಪಿನ್ ತುಂಡಾದರೂ ಸುರುಳಿ ಬಿಡಿಸಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಪಿನ್‌ಗಳನ್ನು ತೆಗೆದು, ನಿಪ್ಪಲ್‌ಗಳಿಗೆ ಗ್ರೀಸ್ ತುಂಬಿ, ಸುರುಳಿ ಶಾಫ್ಟಿನ ಮೇಲೆ ಸಲೀಸಾಗಿ ತಿರುಗುವುದನ್ನು ನೋಡಿ ಮತ್ತೆ ಪಿನ್ ಹಾಕಿ.

ಯಂತ್ರ ಮುಂದಕ್ಕೆ ಚಲಿಸದಿದ್ದರೆ ಬೆಲ್ಟ್ ಸವೆದಿರಬಹುದು, ಇಲ್ಲವೇ ಚಕ್ರಗಳಿಗೆ ಚಲನೆ ಕೊಡುವ ರಬ್ಬರ್ ಅಂಚಿನ ಫ್ರಿಕ್ಷನ್ ಡಿಸ್ಕ್ ನುಣುಪಾಗಿರಬಹುದು. ಈ ಡಿಸ್ಕಿಗೆ ಗ್ರೀಸ್ ತಾಗಲೇಬಾರದು. ಮುಂಭಾಗದ ಎರಡೂ ಬದಿಯಲ್ಲಿ ನೆಲದ ಮೇಲೆ ಜಾರುವ ಲೋಹದ ತುಂಡುಗಳಾದ ಸ್ಕಿಡ್ ಶೂಗಳನ್ನು ಅಂಗಳಕ್ಕೆ ತಕ್ಕಂತೆ ಹೊಂದಿಸಿ: ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಸುಮಾರು 3 ಮಿ.ಮೀ. ಎತ್ತರ ಸಾಕು, ಜಲ್ಲಿಕಲ್ಲಿನ ದಾರಿಯಾದರೆ 25 ಮಿ.ಮೀ. ಅಥವಾ ಹೆಚ್ಚು ಬೇಕು, ಇಲ್ಲದಿದ್ದರೆ ಹಿಮದೊಂದಿಗೆ ಕಲ್ಲೂ ಹಾರಿ ಯಾರದೋ ಕಿಟಕಿಗೆ ಬಡಿಯುತ್ತದೆ.

ಕೆಲಸ ಮುಗಿದ ಮೇಲೆ ಒಂದೆರಡು ನಿಮಿಷ ಆಗರ್ ತಿರುಗಲು ಬಿಟ್ಟರೆ ಒಳಗಿನ ಹಿಮ ಹೊರಬಿದ್ದು, ರಾತ್ರಿ ಅದು ಗಡ್ಡೆಕಟ್ಟುವುದು ತಪ್ಪುತ್ತದೆ. ಚಳಿಗಾಲ ಕಳೆದ ಮೇಲೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಟ್ಯಾಂಕ್ ಬರಿದು ಮಾಡಲು ಆಗದಿದ್ದರೆ ತಾಜಾ ಪೆಟ್ರೋಲಿಗೆ ಅದು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬ್ಯುರೇಟರ್ ತಲುಪುವಂತೆ ಕೆಲವು ನಿಮಿಷ ಓಡಿಸಿಡಿ. ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಟೆಕಮ್ಸೆ ಎಂಬ ಅಮೆರಿಕದ ಕಂಪನಿಯ ಎಂಜಿನ್. ಆ ಕಂಪನಿ 2008ರಲ್ಲಿ ಇಂಥ ಎಂಜಿನ್‌ಗಳ ತಯಾರಿಕೆ ನಿಲ್ಲಿಸಿದರೂ ಕಾರ್ಬ್ಯುರೇಟರ್, ಗ್ಯಾಸ್ಕೆಟ್‌ನಂಥ ಭಾಗಗಳು ಇನ್ನೂ ಸಿಗುತ್ತವೆ. ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಯನ್ನೂ ಯಂತ್ರದ ಮಾದರಿ ಸಂಖ್ಯೆಯನ್ನೂ ಬರೆದಿಟ್ಟುಕೊಂಡು, ಬೇಕಾದ ಭಾಗಗಳನ್ನು ಸೆಪ್ಟೆಂಬರ್‌ನಲ್ಲೇ ತರಿಸಿಕೊಳ್ಳಿ. ಮೊದಲ ಹಿಮ ಬಿದ್ದ ಮರುದಿನ ಎಲ್ಲರೂ ಅದನ್ನೇ ಹುಡುಕುತ್ತಿರುತ್ತಾರೆ.