ವಂಶವೃಕ್ಷ ಬರಿಯೋಕೆ ಹೋಗಿ ಮೋಡಿ ಅಕ್ಷರ ಕಲ್ತಿದ್ದು

ಅಪ್ಪ ತೀರ್ಕೊಂಡ್ಮೇಲೆ ಪೌತಿ ಖಾತೆ ಮಾಡ್ಸೋಕೆ, ಅಂದ್ರೆ ಸತ್ತವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋಕೆ, ವಂಶವೃಕ್ಷ ಬೇಕು ಅಂದ್ರು. ನಾಡಕಚೇರಿಗೆ ಅರ್ಜಿ ಹಾಕೋ ಮುಂಚೆ ಒಂದು ಬಿಳಿ ಹಾಳೇಲಿ ಬರ್ಕೊಳೋಣ ಅಂತ ಕೂತೆ. ತಾತನ ಹೆಸರು ಬಂತು, ಮುತ್ತಾತಂದು ದೊಡ್ಡಪ್ಪನ್ನ ಕೇಳಿ ಬರ್ದೆ, ಅಲ್ಲಿಗೆ ನಿಂತೋಯ್ತು. ಮುತ್ತಜ್ಜಿ ಹೆಸರು ಮನೇಲಿ ಒಬ್ರಿಗೂ ಗೊತ್ತಿಲ್ಲ. ಅರ್ಜಿಗೆ ಅಷ್ಟೆಲ್ಲ ಬೇಕಾಗಿರ್ಲಿಲ್ಲ, ಆದ್ರೂ ಆ ಖಾಲಿ ಜಾಗ ನೋಡಿ ಒಂಥರಾ ಆಯ್ತು.

ನಮ್ಮೂರು ತುಮಕೂರು ಜಿಲ್ಲೇಲಿ. ಮನೇಲಿ ಎಲ್ರೂ ಹೇಳ್ತಿದ್ದ ಕಥೆ ಏನಂದ್ರೆ ನಾವು ಮೂಲ ಇಲ್ಲಿಯವ್ರಲ್ಲ, ಬೆಂಗಳೂರು ಕಡೆ ಇದ್ವಿ, ಪ್ಲೇಗ್ ಬಂದಾಗ ಊರು ಬಿಟ್ಟು ಬಂದ್ವಿ ಅಂತ. ಇದಕ್ಕೆ ಸಾಕ್ಷಿ ಕೇಳಿದ್ರೆ ದೇವರ ಮನೇಲಿರೋ ಮುತ್ತಾತನ ಜಾತಕ ತೋರ್ಸೋರು. ಕಂದುಬಣ್ಣಕ್ಕೆ ತಿರುಗಿದ ಕಾಗದ, ವರ್ಷಕ್ಕೊಂದ್ಸಲ ಯುಗಾದಿಗೆ ಅದಕ್ಕೆ ಅರಿಶಿನ ಕುಂಕುಮ ಇಡೋರು. ಕನ್ನಡವೇ ಅನ್ಸುತ್ತೆ ಆದ್ರೆ ಒಂದಕ್ಷರ ಓದೋಕಾಗಲ್ಲ, ಒಂದೇ ಎಳೆ ದಾರ ಬಿಚ್ಚಿ ಹಾಕ್ದಂಗೆ ಇತ್ತು.

ಆಮೇಲೆ ಗೊತ್ತಾಯ್ತು ಅದು ಮೋಡಿ ಬರಹ ಅಂತ. ಮೋಡಿ ಅಂದ್ರೆ ಮರಾಠಿಯವ್ರದ್ದು ಅಂತ ನಾನೂ ಅನ್ಕೊಂಡಿದ್ದೆ, ಧಾರವಾಡ ಬೆಳಗಾವಿ ಕಡೆ ಹಳೇ ದಫ್ತರಗಳಲ್ಲಿರೋದು ಬಹಳಷ್ಟು ಅದೇ. ಆದ್ರೆ ನಮ್ಮ ಕಡೆ ಊರಿನ ಲೆಕ್ಕ ಬರೀತಿದ್ದ ಶಾನುಭೋಗರು ಕನ್ನಡಾನೂ ಹಂಗೇ ಲೇಖನಿ ಎತ್ತದೆ ಓಡಿಸ್ತಿದ್ರು. ಫ್ರೆಂಡೊಬ್ಬ ಹಳೇ ದಾಖಲೆ ಓದೋದು ಹೇಳ್ಕೊಡೋ ಮೂರು ದಿನದ ಕಾರ್ಯಾಗಾರ ಇದೆ ಅಂದ, ರಜೆ ಹಾಕಿ ಹೋದೆ. ಇತಿಹಾಸ ಓದೋ ಹುಡುಗ್ರು ಇರ್ತಾರೆ ಅನ್ಕೊಂಡ್ರೆ ಅರ್ಧಕ್ಕರ್ಧ ವಕೀಲ್ರು, ಇಬ್ರು ರಿಟೈರ್ಡ್ ಸರ್ವೇಯರ್ರು, ಜಮೀನು ಕೇಸಲ್ಲಿ ಸಿಕ್ಹಾಕ್ಕೊಂಡಿದ್ದ ಒಬ್ರು ಅಜ್ಜ.

ಮೊದಲ್ನೇ ದಿನ ಸಂಜೆವರೆಗೂ ನಾನು ಓದಿದ್ದು ಮೂರೇ ಪದ. ಹೇಳ್ಕೊಡೋ ಮೇಷ್ಟ್ರು ಒಂದೇ ಮಾತು ಹೇಳ್ತಿದ್ರು, ಅಕ್ಷರ ಹುಡುಕಬೇಡಿ, ಪತ್ರ ಹೆಂಗೆ ಶುರುವಾಗುತ್ತೆ ಅನ್ನೋದನ್ನ ಬಾಯಿಪಾಠ ಮಾಡಿ ಅಂತ. ನಿಜ. ಜಮೀನು ಮಾರೋ ಕ್ರಯಪತ್ರ ಆಗ್ಲಿ, ಸಾಲಕ್ಕೆ ಅಡ ಇಡೋ ಭೋಗ್ಯಪತ್ರ ಆಗ್ಲಿ, ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ ವರ್ಷಂಗಳು ಅಂತ ಶುರುವಾಗಿ ಸಂವತ್ಸರ, ಮಾಸ, ತಿಥಿ ಬಂದು ಆಮೇಲೆ ಇಂಥ ಊರಲ್ಲಿರುವ ಇಂಥವರ ಮಗ ಇಂಥವನು ಬರೆಸಿಕೊಟ್ಟಿದ್ದು ಅಂತ ಹೋಗುತ್ತೆ. ಈ ಸಾಲು ಗೊತ್ತಿದ್ರೆ ಅದರಿಂದಾನೇ ಬರೆದವನ ಕೈ ತಿಳ್ಕೋಬಹುದು, ಅವನು ಶ ಹೆಂಗೆ ಎಳೀತಾನೆ, ಒತ್ತಕ್ಷರ ಎಲ್ಲಿ ನುಂಗ್ತಾನೆ ಅಂತ, ಮುಂದಿನ ಗೊತ್ತಿಲ್ಲದ ಹೆಸರುಗಳನ್ನ ಆ ಕೀಲಿ ಹಾಕಿ ತೆಗಿಯೋದು. ಕನ್ನಡ ಅಂಕಿಲಿ ೬ ಮತ್ತು ೯ ಮಾತ್ರ ಇವತ್ತಿಗೂ ನನಗೆ ಮೋಸ ಮಾಡ್ತವೆ.

ಕಡತ ಅಂತ ನಾವು ಆಫೀಸ್ ಫೈಲಿಗೆ ಅಂತೀವಲ್ಲ, ಅದರ ಮೂಲ ರೂಪಾನೂ ಅಲ್ಲೇ ನೋಡಿದ್ದು. ಬಟ್ಟೆಗೆ ಇದ್ದಿಲಪುಡಿ, ಹುಣಸೆಬೀಜದ ಅಂಟು ಬಳಿದು ಒಣಗ್ಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೀತಿದ್ರು, ಸ್ಲೇಟ್ ಇದ್ದಂಗೆ. ಒದ್ದೆ ಕೈ ತಾಗಿದ್ರೆ ಅಳಿಸಿಹೋಗುತ್ತೆ, ಅದಕ್ಕೇ ಮುಟ್ಟೋಕೆ ಬಿಡ್ಲಿಲ್ಲ.

ಎರಡನೇ ದಿನ ದೇವರ ಮನೆ ಜಾತಕದ ಫೋಟೋ ತೋರಿಸ್ದೆ. ಮೇಷ್ಟ್ರು ಒಂದು ನಿಮಿಷ ನೋಡಿ ನಕ್ಕುಬಿಟ್ರು. ಇದು ಜಾತಕ ಅಲ್ಲಪ್ಪ, ಭೋಗ್ಯಪತ್ರ, ನಿಮ್ಮೋರು ಎಪ್ಪತ್ತೈದು ರೂಪಾಯಿ ಸಾಲಕ್ಕೆ ಗದ್ದೆ ಬರ್ಕೊಟ್ಟಿರೋದು ಅಂದ್ರು. ನೂರು ವರ್ಷದ ಮೇಲೆ ನಾವು ಸಾಲಪತ್ರಕ್ಕೆ ಪೂಜೆ ಮಾಡಿದೀವಿ! ಮನೇಲಿ ಹೇಳ್ದಾಗ ಅಮ್ಮಂಗೆ ಸಿಟ್ಟು ಬಂತು, ದೊಡ್ಡಪ್ಪ ಮಾತ್ರ ಸಾಲ ತೀರ್ಸಿದ್ರಿಂದ ತಾನೇ ಪತ್ರ ವಾಪಸ್ ಬಂದಿರೋದು, ಪೂಜೆ ಮಾಡಿದ್ರೆ ತಪ್ಪೇನು ಅಂದ್ರು. ಅದೂ ಸರಿ ಅನ್ಸ್ತು.

ಸಂವತ್ಸರ ನಾನೇ ಓದ್ತೀನಿ ಅಂತ ಹಠ ಮಾಡಿ ದುರ್ಮತಿ ಅಂತ ಓದ್ದೆ, ಅಂದ್ರೆ 1921-22. ಪ್ಲೇಗ್ ಆದ್ಮೇಲೆ ಬಂದು ಸಾಲ ಮಾಡಿದಾರೆ, ಕಥೆ ಸರಿಹೋಯ್ತು ಅಂತ ಖುಷಿಯಾದೆ. ಶಕ ವರ್ಷ ಎಷ್ಟಿದೆ ನೋಡು ಅಂದ್ರು ಮೇಷ್ಟ್ರು. 1818 ಇತ್ತು, ಅದಕ್ಕೆ 78 ಸೇರಿಸಿದ್ರೆ 1896. ಅದು ದುರ್ಮತಿ ಅಲ್ಲ, ದುರ್ಮುಖಿ. ಸಂವತ್ಸರ ಅರವತ್ತು ವರ್ಷಕ್ಕೊಂದ್ಸಲ ಸುತ್ತು ಬರೋದ್ರಿಂದ ಅದೊಂದನ್ನೇ ನಂಬಬಾರ್ದು, ಶಕ ವರ್ಷದ ಜೊತೆ ಇಟ್ಟು ತಾಳೆ ನೋಡ್ಲೇಬೇಕು, ಶಕ ವರ್ಷ ಕೂಡ ಸಂದ (ಮುಗಿದ) ವರ್ಷವೋ ನಡೆಯೋ ವರ್ಷವೋ ನೋಡ್ಕೋಬೇಕು, ಇಲ್ದಿದ್ರೆ ಒಂದು ವರ್ಷ ಆಚೀಚೆ ಆಗುತ್ತೆ. ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರಲ್ಲಿ. ಪತ್ರದಲ್ಲಿ ನಮ್ಮೋರು 1896ರಲ್ಲೇ ಇದೇ ಗ್ರಾಮದಲ್ಲಿರುವ ಅಂತ ಬರ್ಸಿದಾರೆ, ಗದ್ದೆನೂ ಇದೆ. ಅಲ್ಲಿಗೆ ಪ್ಲೇಗ್ ಕಥೆ ಮುಗೀತು.

ಇದನ್ನ ಸೋದರತ್ತೆಗೆ ಹೇಳೋಕೆ ಹೋದೆ, ಅವ್ರಿಗೆ 84. ಮೊದ್ಲೆಲ್ಲ ಅವ್ರನ್ನ ಯಾವ ವರ್ಷ ಯಾವ ವರ್ಷ ಅಂತ ಕೇಳಿ ಕೇಳಿ ತಲೆ ತಿಂದಿದ್ದೆ, ಅದೇ ತಪ್ಪು. ವರ್ಷ ಯಾರಿಗೆ ನೆನಪಿರುತ್ತೆ, ಗಾಂಧಿ ಸತ್ತಾಗ ನೀವು ಎಷ್ಟು ದೊಡ್ಡೋರಿದ್ರಿ, ಕೆರೆ ಕೋಡಿ ಬಿದ್ದಾಗ ಯಾರ ಮದ್ವೆ ಆಗಿತ್ತು ಅಂತ ಕೇಳಿದ್ರೆ ಪಟಪಟ ಬರುತ್ತೆ. ಪ್ಲೇಗ್ ಅಲ್ವಂತೆ ಅತ್ತೆ ಅಂದಿದ್ದಕ್ಕೆ, ಹಂಗಾದ್ರೆ ಧಾತು ಈಶ್ವರದ ಬರ ಇರ್ಬೇಕು ಕಣೋ, ನಮ್ಮಜ್ಜಿ ಅದನ್ನೂ ಹೇಳ್ತಿತ್ತು ಅಂದ್ರು. ಧಾತು, ಈಶ್ವರ ಅಂದ್ರೆ 1876ರಿಂದ 78ರವರೆಗಿನ ಬರ, ಮೈಸೂರು ಸೀಮೆಲಿ ಜನ ಹುಳುಗಳಂಗೆ ಸತ್ತಿದ್ದು. ಇರಬಹುದು, ಪುರಾವೆ ಇಲ್ಲ, ನನ್ನ ಚಾರ್ಟಲ್ಲಿ ಪೆನ್ಸಿಲ್ಲಲ್ಲಿ ಬರ್ದಿದೀನಿ. ಅತ್ತೆ ಕೊಟ್ಟ ದೊಡ್ಡ ಸುಳಿವು ಬೇರೆ, ನಮ್ಮ ಮನೆದೇವರು ನಮ್ಮೂರಿಂದ ಮೂರು ತಾಲ್ಲೂಕು ಆಚೆ ಇರೋದು. ಊರು ಬಿಟ್ರೂ ಜನ ದೇವ್ರ ಒಕ್ಕಲು ಬಿಡಲ್ಲ, ಮಕ್ಕಳ ಮುಡಿ ಕೊಡೋಕೆ ಅಲ್ಲಿಗೇ ಹೋಗ್ತಾರೆ. ಮೂಲ ಊರು ಹುಡುಕೋರು ಮೊದ್ಲು ಮನೆದೇವರು ಎಲ್ಲಿದೆ ನೋಡಿ.

ಬೆಳಗಾವಿ ಕಡೆ ಫ್ರೆಂಡಿಗೆ ಈ ಕಷ್ಟವೇ ಇಲ್ಲ, ಅವ್ರ ಮನೆಗೆ ಹೆಳವರು ಬಂದು ವಂಶಾವಳಿ ಓದಿ ದವಸ ತಗೊಂಡು ಹೋಗ್ತಾರೆ. ನಮ್ಮನೆ ಕಡೆ ಬಂದು ಎಷ್ಟೋ ವರ್ಷ ಆಯ್ತಂತೆ. ಸೆನ್ಸಸ್ಸಲ್ಲಿ ಸಿಗಲ್ವಾ ಅಂತ ಸುಮಾರು ಜನ ಕೇಳ್ತಾರೆ. ಸಿಗಲ್ಲ, 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆ ವಿವರ ಗುಟ್ಟು, ನಮಗೆ ಸಿಗೋದು ಬರೀ ಲೆಕ್ಕ.

ನನಗೆ ಅರ್ಥ ಆಗಿದ್ದು ಏನಂದ್ರೆ ನಮ್ಮಂಥ ರೈತರ ಮನೆ ಬಗ್ಗೆ ಸರ್ಕಾರ ಬರೆದಿದ್ದು ಭೂಮಿ ಕೈ ಬದಲಾದಾಗ ಮಾತ್ರ. ಹಾಗಾಗಿ ವ್ಯಕ್ತಿ ಹಿಂದೆ ಹೋಗ್ಬೇಡಿ, ಸರ್ವೆ ನಂಬರ್ ಹಿಂದೆ ಹೋಗಿ. ಈಗಿನ ಪಹಣಿಯಿಂದ ಶುರು ಮಾಡಿ, ಭೂಮಿ ತಂತ್ರಾಂಶ ಬರೋಕೆ ಮುಂಚಿನ ಕೈಬರಹದ ಪಹಣಿ, ಅದರಲ್ಲಿರೋ ಎಂಆರ್ ನಂಬರ್ ಹಿಡಿದು ಖಾತೆ ಬದಲಾವಣೆ ಬರೆಯೋ ಮ್ಯುಟೇಷನ್ ರಿಜಿಸ್ಟರು (ಎಂಆರ್), ಅಲ್ಲಿಂದ ಆರ್‌ಆರ್, ಐಎಲ್ ಅನ್ನೋ ಹಳೇ ಹಕ್ಕು ದಾಖಲೆ, ಜಮೀನು ಸೂಚಿ ರಿಜಿಸ್ಟರುಗಳು, ಹಿಂಗೆ ಹಿಂದಕ್ಕೆ ಹೋಗೋದು. ಪೌತಿ ಅಂತ ಬರ್ದಿದ್ರೆ ಜಾಕ್‌ಪಾಟ್, ಯಾರು ಸತ್ರು ಯಾರು ವಾರಸುದಾರರು ಎಲ್ಲ ಇರುತ್ತೆ. ಬಿನ್ ಅಂದ್ರೆ ಮಗ, ಕೋಂ ಅಂದ್ರೆ ಹೆಂಡ್ತಿ. ತಾತನ ಹೆಸರು ಮೊಮ್ಮಗನಿಗೆ ಇಡೋದ್ರಿಂದ ರಂಗಯ್ಯ ಬಿನ್ ತಿಮ್ಮಯ್ಯ, ತಿಮ್ಮಯ್ಯ ಬಿನ್ ರಂಗಯ್ಯ ಅಂತ ತಿರುಗ್ತಾನೇ ಇರುತ್ತೆ, ಯಾವ ತಿಮ್ಮಯ್ಯ ಅಂತ ಗುಂಟೆ ಲೆಕ್ಕ ಇಟ್ಕೊಂಡೇ ಬೇರೆ ಮಾಡ್ಬೇಕು.

ರೆಕಾರ್ಡ್ ರೂಮಲ್ಲಿ ನಾಲ್ಕು ಸಲ ಗೆದ್ದಲು ತಿಂದಿದೆ ಅಂದ್ರು, ಐದನೇ ಸಲ ನಕಲು ಅರ್ಜಿ ಹಾಕಿ ಸೀಲು ಹಾಕಿಸ್ಕೊಂಡ ಮೇಲೆ ಗೆದ್ದಲು ತಿಂದಿರ್ಲಿಲ್ಲ. 1942ರ ಮ್ಯುಟೇಷನ್ನಲ್ಲಿ ಮುತ್ತಾತನ ಪೌತಿ ಸಿಕ್ತು. ಎರಡನೇ ಹೆಂಡ್ತಿ ಅಂತ ಒಂದು ಹೆಸರಿದೆ! ಎರಡನೇ ಅಂದ್ರೆ ಮೊದಲ್ನೇದು ಒಂದಿತ್ತು ಅಂತ ತಾನೇ. ಮನೇಲಿ ಯಾರೂ ಬಾಯಿ ಬಿಟ್ಟಿರ್ಲಿಲ್ಲ.

ಆದ್ರೆ ನನ್ನ ಕಣ್ಣಲ್ಲಿ ನೀರು ಬಂದಿದ್ದು ಬೇರೆ ಫೈಲಲ್ಲಿ. 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಗೇಣಿದಾರರು ಫಾರಂ ನಂಬರ್ 7 ಹಾಕ್ತಿದ್ರಲ್ಲ, ತಾತನೂ ಹಾಕಿದ್ರು. ಭೂ ನ್ಯಾಯಮಂಡಳಿ ಫೈಲಲ್ಲಿ ಅರ್ಜಿ ಜೊತೆ ತಾತನ ಹೇಳಿಕೆ ಒಂದೂವರೆ ಪುಟ ಇದೆ, ನಮ್ಮ ತಂದೆ ಕಾಲದಿಂದ ವಾರಕ್ಕೆ (ಬೆಳೆ ಪಾಲಿಗೆ) ಮಾಡ್ತಿದ್ದೀವಿ, ಜಾಸ್ತಿ ಬೆಳೆದ್ರೂ ಕಮ್ಮಿ ಬೆಳೆದ್ರೂ ಅರ್ಧ ಅಳೆದು ಕೊಟ್ಟಿದ್ದೀವಿ, ರಶೀದಿ ಕೊಡೋರಲ್ಲ ಅಂತ. ಗುಮಾಸ್ತರು ಬರ್ಕೊಂಡಿರೋದು, ಆದ್ರೂ ಆ ಮಾತಿನ ಧಾಟಿ ತಾತಂದೇ. ಕೆಳಗೆ ಹೆಬ್ಬೆಟ್ಟು. ನಮ್ಮಪ್ಪ ಸಾಯೋವರೆಗೂ ತಾತಂಗೆ ಓದು ಬರಹ ಬರ್ತಿತ್ತು ಅಂತ ಹೇಳ್ತಿದ್ರು. ಈ ಫೈಲ್ ಅಪ್ಪ ಇದ್ದಾಗ ಸಿಕ್ಕಿದ್ರೆ ತೋರಿಸ್ತಿದ್ನಾ ಗೊತ್ತಿಲ್ಲ. ಫಾರಂ 7 ಹಾಕಿದ್ದ ಮನೆಯವ್ರು ದಯವಿಟ್ಟು ಈ ಫೈಲ್ ಕೇಳಿ ನೋಡಿ, ಇಷ್ಟೊಂದು ಮಾತು ಬೇರೆ ಯಾವ ದಾಖಲೇಲೂ ಸಿಗಲ್ಲ.

ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರಕ್ಕೂ ಎರಡು ದಿನ ಹೋಗಿದ್ದೆ. ಅಲ್ಲಿ ಫೈಲ್‌ಗಳು ಇಲಾಖೆ ಪ್ರಕಾರ ಇರ್ತವೆ, ಮನೆತನದ ಹೆಸರಲ್ಲಿ ಇರಲ್ಲ, ಪ್ರಶ್ನೆ ಇಟ್ಕೊಳ್ದೆ ಹೋದ್ರೆ ಬರೀ ಧೂಳು. ನಮ್ಮೂರ ಕೆರೆ ರಿಪೇರಿದೊಂದು ಅರ್ಜಿ ಸಿಕ್ತು, ಪಟೇಲರು ಶಾನುಭೋಗರ ಸಹಿ ಇತ್ತು, ನಮ್ಮೋರ್ದು ಇಲ್ಲ. ಆ ವಂಶಪಾರಂಪರ್ಯ ಹುದ್ದೆಗಳು 1963ರಲ್ಲಿ ಹೋದ್ವು, ಆದ್ರೆ ಕಾಗದ ಕೆಲವು ಶಾನುಭೋಗರ ಮನೆ ಅಟ್ಟದಲ್ಲೇ ಉಳಿದಿವೆ, ನಮ್ಮೂರವ್ರ ಮೊಮ್ಮಗ ಬೆಂಗಳೂರಲ್ಲಿದಾರೆ, ಊರಿಗೆ ಬಂದಾಗ ಅಟ್ಟ ತೋರಿಸ್ತೀನಿ ಅಂದಿದಾರೆ.

ಮುತ್ತಾತನ ಮೊದಲ್ನೇ ಹೆಂಡ್ತಿ ಬಗ್ಗೆ ಅತ್ತೆನ ಮತ್ತೆ ಕೇಳ್ದೆ. ಸುಮಾರು ಹೊತ್ತು ಸುಮ್ನಿದ್ದು, ಹೆಸರು ಗೊತ್ತಿಲ್ಲ ಕಣೋ, ಬಾಣಂತನದಲ್ಲಿ ಹೋದ್ಳಂತೆ, ತವರು ಮಾತ್ರ ಇಂಥ ಊರು ಅಂತ ಅಂದ್ರು. ಆ ಊರಿನ ಐಎಲ್ ರಿಜಿಸ್ಟರ್‌ಗೆ ನಕಲು ಅರ್ಜಿ ಹಾಕಿ ಬಂದಿದೀನಿ, ಮುಂದಿನ ವಾರ ಬನ್ನಿ ಅಂದಿದಾರೆ. ಗೆದ್ದಲಿನ ಮಾತು ಇನ್ನೂ ಬಂದಿಲ್ಲ.