ತಾಮ್ರಕ್ಕೂ ಸ್ಟೀಲ್‌ಗೂ ನೆಂಟಸ್ತನ ಕೂಡಿಸಿದ್ದು

"ಸಾರ್, ತಾಮ್ರಕ್ಕೂ ಸ್ಟೀಲ್‌ಗೂ ನೆಂಟಸ್ತನ ಕೂಡಲ್ಲ. ಎರಡು ತಿಂಗಳಲ್ಲಿ ಲೀಕ್ ಆಗುತ್ತೆ, ಬರೆದಿಟ್ಕೊಳ್ಳಿ." ಪೀಣ್ಯದ ನಮ್ಮ ಶೆಡ್‌ನಲ್ಲಿ ಹಳೇ ವೆಲ್ಡರ್ ಹೀಗೆ ಹೇಳಿ ಎರಡು ವರ್ಷ ದಾಟಿತು. ಹತ್ತಿರಹತ್ತಿರ 600 ಜಾಯಿಂಟ್ ಬ್ರೇಜಿಂಗ್ (ಎರಡೂ ತುಂಡು ಕರಗಿಸದೆ, ಸಂದಿಗೆ ಬೇರೆ ಲೋಹ ಕರಗಿಸಿ ಬಿಟ್ಟು ಬೆಸೆಯೋದು) ಮಾಡಿ ಕಳಿಸಿದ್ದೇನೆ, ಒಂದೂ ವಾಪಸ್ ಬಂದಿಲ್ಲ.

ಹಾಲು ತಣ್ಣಗೆ ಮಾಡುವ ಯಂತ್ರದ, ಅಂದರೆ ಚಿಲ್ಲರ್‌ನ ಜಾಬ್. ಅರ್ಧ ಇಂಚಿನ ತಾಮ್ರದ ಪೈಪನ್ನು 304 ಸ್ಟೇನ್‌ಲೆಸ್ ತುಂಡಿಗೆ ಕೂಡಿಸಬೇಕು. ಮೊದಲು ಟಿಗ್, ಅಂದರೆ ಕರೆಂಟಿನ ಕಿಡಿಯಲ್ಲಿ ತುಂಡುಗಳನ್ನೇ ಕರಗಿಸುವ ವೆಲ್ಡಿಂಗ್ ಹಾಕಿಸಿದೆ. ತಾಮ್ರ 1083 ಡಿಗ್ರಿಗೇ ಕರಗುತ್ತದೆ, ಸ್ಟೀಲ್‌ಗೆ ಸುಮಾರು 1400 ಬೇಕು. ಸ್ಟೀಲ್ ಕರಗುವಷ್ಟರಲ್ಲಿ ಪೈಪು ತೂತು! ಆಮೇಲೆ ದುಡ್ಡು ಉಳಿಸೋಣ ಅಂತ ಎಸಿಯವರ ಫಾಸ್-ಕಾಪರ್ (ಫಾಸ್ಫರಸ್ ಬೆರೆಸಿದ ತಾಮ್ರ) ರಾಡ್ ಹಿಡಿದೆ. ನೋಡಲು ಚೆಂದ ಕೂತಿತು. ಆದರೆ ಫಾಸ್ಫರಸ್ ಕಬ್ಬಿಣಕ್ಕೆ ಆಗಿಬರಲ್ಲ. ಕಂಪ್ರೆಸರ್ ನಡುಕಕ್ಕೆ ಗಾಜಿನ ಹಾಗೆ ಬಿರುಕು ಬಿಟ್ಟಿತು. 40 ಪೀಸ್ ಗುಜರಿಗೆ, 18 ಸಾವಿರದಷ್ಟು ನಷ್ಟ.

ಕೊನೆಗೆ ವಿಷದ ಕ್ಯಾಡ್ಮಿಯಂ ಇಲ್ಲದ 45% ಬೆಳ್ಳಿ ರಾಡ್ ತಂದೆ. ಆಗ ಗ್ರಾಂಗೆ 50 ರೂಪಾಯಿ ಆಸುಪಾಸು. ಎಲ್ಲರೂ ಬೈದರು. ಆದರೆ ಒಂದು ಜಾಯಿಂಟ್‌ಗೆ ಒಂದು ಗ್ರಾಂ ಕೂಡ ಹಿಡಿಯಲ್ಲ! ಇಲ್ಲೂ ಎರಡು ಸಲ ಎಡವಿದೆ. ಗಟ್ಟಿಯಾಗಿರಲಿ ಅಂತ ಟೈಟ್ ಫಿಟ್ ಕೊಟ್ಟೆ, ಬೆಳ್ಳಿ ಒಳಗೇ ಹೋಗಲಿಲ್ಲ. ಸುತ್ತ 0.1 ಮಿ.ಮೀ. ಸಂದು ಬಿಟ್ಟ ಮೇಲೆ ಬತ್ತಿ ಎಣ್ಣೆ ಹೀರುವ ಹಾಗೆ ಹೀರಿಕೊಂಡಿತು. ಇನ್ನೊಂದು, ಉರಿಯನ್ನು ಸ್ಟೇನ್‌ಲೆಸ್ ಮೇಲೆ ನಿಲ್ಲಿಸಿದ್ದೆ. ಫ್ಲಕ್ಸ್ (ಲೋಹದ ಮೇಲೆ ಕಿಲುಬು ಕೂರದ ಹಾಗೆ ಬಳಿಯುವ ಪೇಸ್ಟ್) ಸುಟ್ಟು ಕಪ್ಪಾಯಿತು, ಬೆಳ್ಳಿ ಉಂಡೆಯಾಗಿ ಕೆಳಗೆ ಬಿತ್ತು. ಶಾಖವನ್ನು ಎಳೆದುಕೊಂಡು ಹೋಗುವುದು ತಾಮ್ರ, ಉರಿ ಜಾಸ್ತಿ ಅದಕ್ಕೇ ಬೇಕು. ಫ್ಲಕ್ಸ್ ತಿಳಿನೀರಿನ ಹಾಗಾದಾಗ ರಾಡ್ ಮುಟ್ಟಿಸಿದೆ. ಸರ್ರನೆ ಸುತ್ತ ಓಡಿ ಬೆಳ್ಳಿಗೆರೆ ಮೂಡಿತು. ಪೈಪು ಸೊಟ್ಟಗಾಗಲಿಲ್ಲ, ಗ್ರೈಂಡಿಂಗೂ ಬೇಕಾಗಲಿಲ್ಲ. ನೈಟ್ರೋಜನ್ ಗ್ಯಾಸನ್ನು 300 ಪಿಎಸ್‌ಐ ಒತ್ತಡಕ್ಕೆ ತುಂಬಿ ನೀರಿನ ತೊಟ್ಟಿಗೆ ಇಳಿಸಿದೆ, ಒಂದು ಗುಳ್ಳೆ ಬರಲಿಲ್ಲ. ಫ್ಲಕ್ಸ್‌ಗೆ ಮುಂಚೆ ಸ್ಟೇನ್‌ಲೆಸ್ ಅನ್ನು ಹೇಗೆ ತಯಾರು ಮಾಡುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ಅಲ್ವಾ.

ಅದೇ ಹುರುಪಿನಲ್ಲಿ ಲೇತ್ ಮೆಷಿನ್ನಿನ ಸ್ಟೀಲ್ ಟೂಲ್‌ಗೆ, ಲೋಹ ಕೊರೆಯುವ ಗಟ್ಟಿ ಕಾರ್ಬೈಡ್ ತುಂಡನ್ನೂ ಕೂರಿಸಿ ನೋಡಿದೆ. ಅವಸರಕ್ಕೆ ನೀರಿಗದ್ದಿದೆ, ಟಪ್ ಅಂತ ಸೀಳಿತು. ಈಗ ಬೂದಿಯಲ್ಲಿ ಹೂತು ಬೆಳಗಿನವರೆಗೆ ಬಿಡುತ್ತೇನೆ. ಮೂರರಲ್ಲಿ ಎರಡು ಉಳಿಯುತ್ತಿವೆ. ಕಾರ್ಬೈಡ್‌ಗೂ ಸ್ಟೀಲ್‌ಗೂ ಮಧ್ಯೆ ತೆಳು ತಾಮ್ರದ ತಗಡು ಇಟ್ಟು ನೋಡುವುದು ಬಾಕಿ ಇದೆ.