ಮೌಸ್ ಕಣ್ಣಿಗೆ ಬೀಳುವ ಒಂದು ಮಿಲಿಮೀಟರ್ ಮೇಜು

ಚಿಕ್ಕಮಗಳೂರಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. "ಮೌಸ್ ಕೆಟ್ಟೋಗಿದೆ, ಬೇರೆ ಕೊಡಿ" ಅಂತ ಬರುವ ಎಷ್ಟೋ ಜನರ ಮೌಸ್ ಕೆಟ್ಟಿರುವುದೇ ಇಲ್ಲ. ನನ್ನ ಟೇಬಲ್ಲಿನ ರಟ್ಟಿನ ಮೇಲೆ ಇಟ್ಟರೆ ಸರಾಗವಾಗಿ ಓಡುತ್ತದೆ. ಹಾಗಾದರೆ ಅದಕ್ಕೆ ಕಾಣುವುದಾದರೂ ಏನು? ನೋಡೇಬಿಡೋಣ ಅಂತ ಗುಜರಿ ಡಬ್ಬದಲ್ಲಿದ್ದ ಹಳೇ ಮೌಸ್ ಒಂದನ್ನು ಬಿಚ್ಚಿದೆ.

ಒಳಗಿದ್ದದ್ದು ಅಜಿಲೆಂಟ್ ಕಂಪನಿಯ ಎಡಿಎನ್‌ಎಸ್-2610, ಮೇಜಿನ ಚಿತ್ರ ತೆಗೆಯುವ ಎಂಟು ಕಾಲಿನ ಚಿಪ್. ಸಿಕ್ಕಿದ್ದು ಅದೃಷ್ಟ. ಈ ಚಿಪ್ ತಾನು ತೆಗೆದ ಚಿತ್ರವನ್ನು ಕೇಳಿದರೆ ಹೊರಗೆ ಕೊಡುತ್ತದೆ. ಈಗಿನ ಅಗ್ಗದ ಮೌಸ್‌ಗಳಲ್ಲಿ ಎಲ್ಲವೂ ಒಂದೇ ಚಿಪ್ಪಿನೊಳಗೆ, ಇಣುಕಲು ದಾರಿ ಸಿಗುವುದು ಕಷ್ಟ.

ಕಂಪ್ಯೂಟರ್ ಜೊತೆ ಮಾತಾಡುವ ಇನ್ನೊಂದು ಚಿಪ್ ಕಿತ್ತು ಹಾಕಿದೆ. ಚಿತ್ರ ತೆಗೆಯುವ ಚಿಪ್ಪಿನ ಮೂರನೇ ಕಾಲು ಡೇಟಾ, ನಾಲ್ಕನೆಯದು ಕ್ಲಾಕ್, ಅಂದರೆ ಡೇಟಾಗೆ ತಾಳ ಹಾಕುವ ಕಾಲು. ಅವೆರಡಕ್ಕೂ ವೈರ್ ಬೆಸೆದು ಅರ್ಡುಯಿನೊ ಅನ್ನುವ ಪುಟ್ಟ ಪ್ರೋಗ್ರಾಮಿಂಗ್ ಬೋರ್ಡಿಗೆ ಕೊಟ್ಟೆ, ಜೊತೆಗೆ 5 ವೋಲ್ಟ್ ಮತ್ತು ಗ್ರೌಂಡ್. ಲೆನ್ಸ್, ಎಲ್‌ಇಡಿ ಅಲುಗಿಸಬೇಡಿ, ಇದ್ದ ಜಾಗದಲ್ಲೇ ಇರಲಿ.

ಪರದೆ ಮೇಲೆ ಬಂದದ್ದು 18 ಸಾಲು, 18 ಕಂಬ. ಒಟ್ಟು 324 ಬೂದು ಚೌಕ, ಅಷ್ಟೇ. ಇಷ್ಟರಲ್ಲಿ ಕಾಣುವುದು ಮೇಜಿನ ಸುಮಾರು ಒಂದು ಮಿಲಿಮೀಟರ್ ಜಾಗ. ಆದರೂ ದಿನಪತ್ರಿಕೆ ಇಟ್ಟಾಗ ಕಾಗದದ ನಾರು ಕಂಡಿತು! ಕಾರಣ ಬೆಳಕು ಬೀಳುವ ರೀತಿ. ಕೆಂಪು ಎಲ್‌ಇಡಿ ಬೆಳಕು ಮೇಲಿಂದ ನೇರ ಬೀಳುವುದಿಲ್ಲ, ಪಕ್ಕದಿಂದ ಓರೆಯಾಗಿ ಬರುತ್ತದೆ. ರಾತ್ರಿ ಕಾಫಿ ಕಣದಲ್ಲಿ ಟಾರ್ಚನ್ನು ನೆಲಕ್ಕೆ ಮಲಗಿಸಿದರೆ ಒಂದೊಂದು ಬೀಜಕ್ಕೂ ಉದ್ದ ನೆರಳು ಬೀಳುತ್ತದಲ್ವಾ, ಹಾಗೆ. ಮೌಸ್ ನೋಡುವುದು ಆ ನೆರಳುಗಳನ್ನು.

ಇಂಥ ಚಿತ್ರ ಸೆಕೆಂಡಿಗೆ 1500. ಹೊಸ ಚಿತ್ರವನ್ನು ಹಿಂದಿನದರ ಮೇಲೆ ಅತ್ತಿತ್ತ ಸರಿಸಿ, ಎಲ್ಲಿ ಚೆನ್ನಾಗಿ ಕೂರುತ್ತದೆ ಅಂತ ಚಿಪ್ ಲೆಕ್ಕ ಹಾಕುತ್ತದೆ. ಎಷ್ಟು ಸರಿಸಬೇಕಾಯಿತೋ ಅಷ್ಟೇ ಚಲನೆ. ಒಂದು ಇಂಚು ಎಳೆದರೆ ಅದನ್ನು 400 ಪುಟ್ಟ ಹೆಜ್ಜೆಯಾಗಿ ಎಣಿಸುತ್ತದೆ. ತಾನು ಮೇಜಿನ ಯಾವ ಮೂಲೆಯಲ್ಲಿದ್ದೇನೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ, ಬೇಕಾಗಿಯೂ ಇಲ್ಲ. 1980ರ ದಶಕದಲ್ಲಿ ಗೆರೆ ಎಳೆದ ಲೋಹದ ಪ್ಯಾಡ್ ಇದ್ದರೆ ಮಾತ್ರ ಓಡುವ ಆಪ್ಟಿಕಲ್ ಮೌಸ್ ಇದ್ದವು. 1999ರಲ್ಲಿ ಬಂದ ಮೈಕ್ರೋಸಾಫ್ಟ್ ಇಂಟೆಲಿಮೌಸ್ ಎಕ್ಸ್‌ಪ್ಲೋರರ್‌ಗೆ ಸಾಧಾರಣ ಮೇಜೇ ಸಾಕಾಯಿತು.

ಗಾಜು ಇಟ್ಟೆ. ಚಿತ್ರ ಹೆಚ್ಚುಕಡಿಮೆ ಖಾಲಿ. ನುಣುಪು ಗಾಜಿನ ಮೇಲೆ ನೆರಳು ಬೀಳಲು ಉಬ್ಬುತಗ್ಗೇ ಇಲ್ಲ. ಬೆಳಕು ಒಂದಷ್ಟು ಒಳಗೆ ಹೋಗುತ್ತದೆ, ಒಂದಷ್ಟು ಆಚೆ ಕಡೆಗೆ ಚಿಮ್ಮುತ್ತದೆ, ಲೆನ್ಸಿನ ಕಡೆ ಬರುವುದು ಅಲ್ಪ. ಎಸ್ಟೇಟ್ ಆಫೀಸುಗಳಲ್ಲಿ ಮೇಜಿಗೆ ಗಾಜು ಹಾಸುವವರು ಜಾಸ್ತಿ. ಅವರಿಗೆ ಹೊಸ ಮೌಸ್ ಮಾರುವ ಬದಲು ಒಂದು ಹಾಳೆ ಕೊಟ್ಟು ಕಳಿಸುತ್ತೇನೆ. ವ್ಯಾಪಾರಕ್ಕೆ ಇದು ಒಳ್ಳೆಯದಲ್ಲ, ಗೊತ್ತು.

ನನಗೆ ನಿಜವಾಗಿ ಉಪಯೋಗವಾದದ್ದು ಕೂದಲಿನ ಪ್ರಯೋಗ. ತಳದ ತೂತಿನಲ್ಲಿ ಒಂದು ಕೂದಲು ಸಿಕ್ಕಿಸಿದೆ. ಮೌಸ್ ಎಳೆದರೆ ಮೇಜು ಸರಿಯುತ್ತದೆ, ಕೂದಲು ಮಾತ್ರ ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿ ನಿಂತಿರುತ್ತದೆ. ಏನೂ ಅಲುಗಿಲ್ಲ ಅಂತ ಅದು ಸಾಕ್ಷಿ ಹೇಳಿದಂತೆ. ಚಿಪ್ಪಿಗೆ ಗೊಂದಲ, ಪರದೆ ಮೇಲಿನ ಬಾಣ ತಡೆತಡೆದು ಹೋಗುತ್ತದೆ. ಅದಕ್ಕೇ ಈಗ ಯಾರೇ ಮೌಸ್ ತಂದರೂ ಮೊದಲು ತಿರುಗಿಸಿ ತೂತು ನೋಡುತ್ತೇನೆ. ಒಣಗಿದ ಮೃದು ಬ್ರಷ್ ಸಾಕು, ತಿನ್ನರ್ ಹಾಕಬೇಡಿ, ಪ್ಲಾಸ್ಟಿಕ್ ಲೆನ್ಸ್ ಮಬ್ಬಾಗುತ್ತದೆ. ಕೆಂಪು ಬೆಳಕು ಕಾಣದಿದ್ದರೆ ತಕ್ಷಣ ಎಸೆಯಬೇಡಿ, ಇನ್‌ಫ್ರಾರೆಡ್ ಎಲ್‌ಇಡಿ ಇರಬಹುದು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಎಷ್ಟೋ ಸಲ ಅಲ್ಲಿ ಮಿನುಗುತ್ತಿರುತ್ತದೆ.